ನಾಲಿಗಿಗೆ ಹಚ್ಚದ ಚಹಾ-ಬಿಯರ್

ಖಾನಾಪುರ, ಸೋಮವಾರ, ೮ ಆಗಸ್ಟ್ ೧೯೨೭

ಇವತ್ತಿನಿಂದ ನಾ ಖಾನಾಪುರದಾಗ. ಯಾರ ಕರ್ಮಕ್ಕ ಅಂದ್ರ ನನ್ನ ಮೂಗಿನ ಕರ್ಮಕ್ಕ. ಬೆಳಗಾವಿ ಕಚೇರಿಯೊಳಗ ಹೆಡ್ ಕ್ಲಾರ್ಕ್ ಬಾಜೂಕ ಬಂದು ಕುಂತಾಗ, "ಬಳ್ಳೊಳ್ಳಿ ತಿಂದು ಬಂದೀರಿ, ಒಂಚೂರು ಆ ಕಡೆ ಸರೀರಿ" ಅಂದೆ. ಅಂದದ್ದು ಖರೇ ಇತ್ತು. ಖರೇ ಅಂದವಗ ಖಾನಾಪುರ. ಕಟ್ಟಿಗಿ ಡಿಪೋದಾಗ ಕಾರಕೂನಿಕಿ ಐತಿ, ನಡಿ ಅಂದ್ರು.

ಬಂದು ನೋಡಿದ್ರ ಡಿಪೋದ ಹಿರೇ ಅಧಿಕಾರಿ ಹಾರ್ಟ್ಲಿ ಸಾಹೇಬ ತೊಯ್ದ ತೊಲಿ ಮ್ಯಾಲಿಂದ ಜಾರಿ, ಕಾಲು ಮುರಕೊಂಡು ಮಲಗ್ಯಾನ. ನನಗ ಹೇಳಿದ ಕೆಲಸ ಕೇಳಿ ನಿಂತಲ್ಲೇ ಬೆವತೆ. ಬಂಗಲಿ ಹಿಂದಿನ ಕೋಣ್ಯಾಗ ಸಾಹೇಬ ತನಗ ಬೇಕಾದ ಬಿಯರ್ ತಾನೇ ಮಾಡಿಕೋತಾನಂತ. ಅಬಕಾರಿಯವರ ಪರವಾನಗಿ ಚೀಟಿ ಸುದ್ದಾ ಇಟ್ಟಾನ. ಈಗ ಅವನ ಕೈಯಾಗಿ ಅದನ್ನ ನಾ ಮಾಡಬೇಕು!

"ಸಾಹೇಬ್ರ, ನಾವು ಜೈನರು. ಸೆರೆ ಕುಡಿಯೂದು ದೂರ ಉಳೀತು, ಒಂದು ಹನಿ ನಾಲಿಗಿಗೆ ಹಚ್ಚಂಗಿಲ್ಲ" ಅಂದೆ.

ಈ ಸಾಹೇಬ ಹಿಂದಕ ಸರಕಾರಿ ಪರೀಕ್ಷಾಕ್ಕಂತ ಮುನಶಿ ಕಡೆ ಕನ್ನಡ ಕಲತವ. ಅಗದಿ ಪುಸ್ತಕದ ಕನ್ನಡ. "ಪಾರೀಸನೇ, ನೀನು ಕುಡಿಯಬೇಡ. ಮೂಸು. ನಿನ್ನ ಮೂಗಿನ ಕೀರ್ತಿಯನ್ನು ಕೇಳಿಯೇ ನಿನ್ನನ್ನು ಕರೆಸಿಕೊಂಡಿದ್ದೇನೆ" ಅಂದ.

ಕರಾರು ಹಿಂಗೈತಿ. ಸಾಹೇಬನ ಬಾಲ್ಯದ ಗೆಳೆಯ ಒಬ್ಬ ಕಾಯಮ್ಮಾಗಿ ವಿಲಾಯತಿಗೆ ಹೊಂಟಾನ. ಅಕ್ಟೋಬರ್ ೨೨ಕ್ಕ ಕಡೀ ಭೆಟ್ಟಿಗೆ ಇಲ್ಲಿ ಬರತಾನ. ಅವತ್ತಿನ ಬಿಯರ್ ಚಲೋ ಆದ್ರ, ನನ್ನ ವಾಪಸ್ ಬೆಳಗಾವಿಗೆ ಹಾಕಾಕ ಸಾಹೇಬ ಪತ್ರ ಬರದು ಕೊಡತಾನ. ಕೆಟ್ರ ಇಲ್ಲೇ ಮಳಿ, ಜಿಗಳಿ, ಕಟ್ಟಿಗಿ.

ಮೂಗು ಮುಚ್ಚಿಕೊಂಡು ಎರಡೂವರಿ ತಿಂಗಳು ಕಳದ್ರಾತು. ಮೂಗು ಮುಚ್ಚಿಕೊಂಡು ಮೂಸೂದು ಹೆಂಗ ಅನ್ನೂದು ಬ್ಯಾರೆ ಮಾತು. ಪಾಪಪರಿಹಾರಕ್ಕ ದಿನಾ ಎರಡು ಜಪ ಹೆಚ್ಚಿಗಿ ಮಾಡಬೇಕಂತ ಮಾಡೀನಿ. ಅವ್ವಗ ತೊಲಿ ಲೆಕ್ಕ ಬರಕೋತ ಕುಂತೀನಿ ಅಂತ ಕಾಗದ ಹಾಕಿದೆ.

ಭಾನುವಾರ, ೧೪ ಆಗಸ್ಟ್

ಮೊದಲನೇ ಅಪಶಕುನ. ಬಿಯರಿಗೆ ಕಹಿ ಮತ್ತ ಪರಿಮಳ ಕೊಡೂದು ಹಾಪ್ ಅನ್ನೂ ಒಂದು ಒಣಗಿದ ಹೂವು. ಮುಂಬೈಯಿಂದ ಬಂದ ಪೆಟ್ಟಿಗಿ ಬಿಚ್ಚಿದ್ರ, ಮಳ್ಯಾಗ ತೊಯ್ದು ಎಲ್ಲಾ ಬೂಸು ಹಿಡದೈತಿ. ಮೂಸಿ ನೋಡಿ ಹಿತ್ತಲಕ ಓಡಿ ವಾಂತಿ ಮಾಡಿಕೊಂಡೆ. ಸಾಹೇಬನ ಮಾರಿ ಸಣ್ಣದಾತು. ಹೂವು ಇಲ್ಲದ ಬಿಯರ್ ಅಂದ್ರ ಜವೆಗೋಧಿ ಪಾಯಸ ಇದ್ದಂಗಂತ.

ಆಮ್ಯಾಲ ಒಮ್ಮಿಗೇ, "ಚಹಾ!" ಅಂದ. ಚಹಾದಾಗೂ ಕಹಿ ಐತಿ, ಒಗರೈತಿ, ಪರಿಮಳೈತಿ. ಹೂವಿನ ಬದಲಿ ಅದನ್ನೇ ಹಾಕೂಣು ಅಂತ.

ಬಜಾರದಾಗ ನೇಮಣ್ಣನವರ ಕಿರಾಣಿ ಅಂಗಡಿಗೆ ಹೋದೆ. ನಮ್ಮವರೇ. ಮುದುಕರಿಗೆ ಕಣ್ಣು ಕಾಣೂದಿಲ್ಲ, ಅಂಗಡ್ಯಾಗ ಮಗಳು ಪದ್ಮವ್ವ ಕುಂತಿರತಾಳ. ಹದಿನೇಳಕ್ಕ ಗಂಡ ಸತ್ತು ತವರಿಗೆ ಬಂದಾಕಿ ಅಂತ ಬಂಗಲಿ ಮಾಲಿ ಭರಮಪ್ಪ ಹೇಳಿದ.

"ಎರಡು ಪೌಂಡ್ ಚಹಾಪುಡಿ? ಮನ್ಯಾಗ ಮದುವಿ ಐತೇನ್ರಿ?" ಅಂದಳು.

ಬಿಯರಿಗೆ ಅಂತ ಸಣ್ಣ ಧ್ವನಿಲೆ ಹೇಳಿದೆ. ಆಕಿ ತಕ್ಕಡಿ ಹಿಡಕೊಂಡೇ ನಿಂತಳು. "ಜೈನರ ಹುಡುಗ ಸೆರೆ ಮಾಡತಾನ, ಜೈನರ ಅಂಗಡ್ಯಾಗ ಸಾಮಾನು ಒಯ್ಯತಾನ. ಹೋಗ್ಲಿ ಬಿಡ್ರಿ, ನರಕದಾಗ ಪರಿಚಯದವರು ಇರತಾರ."

ನನಗ ಮೂವತ್ನಾಲ್ಕು, ಹೆಂಡತಿ ಸತ್ತವ, ನನಗ ಹುಡುಗ ಅಂತ! ಬಾಯಿ ಭಾಳ ಜೋರು.

ಬುಧವಾರ, ೧೭ ಆಗಸ್ಟ್

ಇವತ್ತ ಮಾಡಿದೆ. ಡಬ್ಬ್ಯಾಗ ಬರೂ ಜವೆಗೋಧಿ ಪಾಕ ನೀರಾಗ ಕಲಸಿ ಒಲಿ ಮ್ಯಾಲ ಇಟ್ಟೆ. ಚಹಾ ಹೆಂಗ ಹಾಕಬೇಕು ಅಂತ ಸಾಹೇಬಗೂ ಗೊತ್ತಿಲ್ಲ. ನನಗ ಗೊತ್ತಿಲ್ಲೇನು? ನಮ್ಮ ಅವ್ವ ಮಾಡಿದಂಗ ಮಾಡಿದೆ: ಎರಡು ಪೌಂಡೂ ಸುರುವಿ ಒಂದು ತಾಸು ಕೊತಕೊತ ಕುದಿಸಿ, ಕೈತುಂಬ ಬೆಲ್ಲ, ಒಣಾಶುಂಠಿ, ಯಾಲಕ್ಕಿ. ಹಾಲು ಹಾಕೂವಷ್ಟರಾಗ ಭರಮಪ್ಪ ಕೈ ಹಿಡದ. ಆರಿದ ಮ್ಯಾಲ ಸಾಹೇಬನ ಹೆಪ್ಪು ಹಾಕಿ ಮುಚ್ಚಿಟ್ಟೆ. ಹೆಪ್ಪು ಅಂದ್ರ ಬಿಯರ್ ಹುದುಗಸಾಕ ಜಾಡಿಯೊಳಗ ಬೆಳ್ಳಗ ಜಿಗಿ ಜಿಗಿ ಕುಂತಿರೂ ಹೊಲಸು. ಕೈ ಮೂರು ಸಲ ತೊಳಕೊಂಡೆ.

ಶುಕ್ರವಾರ, ೨೬ ಆಗಸ್ಟ್

ಭರಮಪ್ಪಗ ಯಾವ ವ್ರತಾನೂ ಇಲ್ಲ, ರುಚಿ ನೋಡೂ ಕೆಲಸ ಅವಂದು. ಒಂದು ಗುಟುಕು ಕುಡದು ಭಾಳ ಹೊತ್ತು ಬಾಯಿ ಚಪ್ಪರಿಸಿದ. "ಕಾರಕೂನ ಸಾಹೇಬ್ರ, ಇದರಾಗ ತೊಗಲು ನೆನಸಿದ್ರ ಚಪ್ಪಲಿಗೆ ಹದಾ ಆಗತೈತ್ರಿ. ನನ್ನ ನಾಲಿಗಿ ಆಗೇ ಬಿಟ್ಟೈತಿ."

ಮಧ್ಯಾಹ್ನ, ಮೊನ್ನೆ ತುಂಬಿ ಬೂಚು ಹಾಕಿಟ್ಟ ಬಾಟ್ಲಿ ಒಡ್ಯಾಕ ಹತ್ತಿದವು. ಧಡ್! ಅಂತ ಒಂದು, ಅದರ ಹಿಂದ ಎರಡು. ಭರಮಪ್ಪ ಮಂಚದ ಕೆಳಗ, ನಾ ಭರಮಪ್ಪನ ಮ್ಯಾಲ. ಒಳಗಿಂದ ಸಾಹೇಬ ನಗೂದು ಕೇಳಸ್ತು. ಅವನ ಕಾಲು ಮುರದದ್ದು ಚಲೋನೇ ಆತು ಅಂತ ಒಂದು ಕ್ಷಣ ಅನ್ನಿಸ್ತು. ತಪ್ಪು, ಇನ್ನೊಂದು ಜಪ.

ಯಾಕ ಒಡದ್ವು ಅಂತ ತೋರಸಾಕ ಸಾಹೇಬ ಸಣ್ಣದನ್ನ ದೊಡ್ಡದು ಮಾಡಿ ತೋರಸೂ ತನ್ನ ದುರ್ಬೀನು ತರಿಸಿದ. ಹೆಪ್ಪಿನ ಒಂದು ಹನಿ ಗಾಜಿನ ಮ್ಯಾಲ ಹಾಕಿ "ನೋಡು" ಅಂದ. ನೋಡಿದೆ. ಸಾಬೂದಾಣಿ ಕಾಳಿನಂಥಾವು, ಸಾವಿರಾರು! ಒಂದರ ಬಗಲಾಗಿಂದ ಸಣ್ಣ ಮರಿ ಮೂಡಾಕ ಹತ್ತಿತ್ತು. ಬೆಲ್ಲ ತಿಂದು ಇವು ಉಸಿರು ಬಿಡತಾವ, ಆ ಉಸಿರಿಗೆ ಬಾಟ್ಲಿ ಒಡೀತೈತಿ ಅಂದ.

ಅರಿಹಂತಾ! ಇಷ್ಟು ದಿನ ಹೊಲಸು ಅಂದದ್ದು ಜೀವ.

ಬುಧವಾರ, ೩೧ ಆಗಸ್ಟ್

ನಾಳಿಯಿಂದ ದಶಲಕ್ಷಣ ಪರ್ವ. ಹತ್ತು ದಿನ ಒಂದು ಇರವಿಗೂ ನೋವು ಮಾಡಬಾರದು. ಹತ್ತು ದಿನ ರಜಾ ಬೇಡಿದೆ, ಸಾಹೇಬ ಕೊಟ್ಟ. ಹೋಗೂ ಮುಂದ, "ಜಾಡಿಯಲ್ಲಿ ಹೆಪ್ಪು ಹೆಚ್ಚಾಗಿದೆ, ಅರ್ಧ ಚೆಲ್ಲಿಬಿಡು" ಅಂದ.

ಚೆಲ್ಲೂದು! ಸಾವಿರಾರು ಜೀವ ನೆಲಕ್ಕ ಚೆಲ್ಲೂದು, ಅದೂ ಇವತ್ತ! ನಮ್ಮಲ್ಲಿ ನೀರು ಸೋಸಿದ ಮ್ಯಾಲ ಬಟ್ಟ್ಯಾಗ ಉಳದ ಜೀವಗಳನ್ನ ಬಂದ ಬಾವಿಗೇ ಸಾವಕಾಶ ವಾಪಸ್ ಬಿಡತೀವಿ. ಹಂಗೇ ಬಿಡೂಣು ಅಂತ ಬಾವಿಗೆ ಹೋದೆ. ಅಲ್ಲಿ ನಿಂತಾಗ ಇನ್ನೊಂದು ವಿಚಾರ ಬಂತು. ಅರ್ಧಕ್ಕ ಬಿಡುಗಡಿ, ಇನ್ನರ್ಧ ಪರ್ವದ ದಿವಸ ಜಾಡ್ಯಾಗ ಸೆರಿ? ಇದೆಂಥಾ ನ್ಯಾಯ? ಕೊಡದಾಗ ಹಾಕಿ, ನೀರಿಗೆ ಹತ್ತುವ ತನಕ ಇಳಿಸಿ, ಜಾಡಿ ತೊಳದು ಪೂರ್ತಿ ಬಿಟ್ಟೆ. ಮನಸಿಗೆ ಅಗದಿ ಸಮಾಧಾನ ಆತು.

ಸಂಜೀಕ ಸಾಹೇಬ ಖಾಲಿ ಜಾಡಿ ನೋಡಿದ. ಹನ್ನೊಂದು ವರ್ಷ ಸಾಕಿದ ಹೆಪ್ಪಂತ. ವಿಲಾಯತಿಯ ತನ್ನ ಊರಿಂದ ತಂದಿದ್ದಂತ, ಬಜಾರದಾಗ ಸಿಗೂದಲ್ಲಂತ. ನನಗೇನು ಗೊತ್ತು? ಬಯ್ಯಲಿಲ್ಲ. "ಪಾರೀಸನೇ, ನೀನು ನನ್ನ ಕುಟುಂಬವನ್ನೇ ಬಾವಿಗೆ ಇಳಿಸಿದೆ" ಅಂದು ಗೋಡಿ ಕಡೆ ಹೊರಳಿ ಮಲಗಿದ.

ಬಯ್ದಿದ್ರ ಚಲೋ ಇತ್ತು.

ಭಾನುವಾರ, ೪ ಸೆಪ್ಟೆಂಬರ್

ಉಪವಾಸ. ಬೆಳಗಾವಿ ಆಸೆ ಮುಗೀತು.

ಬಸದಿಯಿಂದ ಹೊರಗ ಬರೂವಾಗ ಪದ್ಮವ್ವ ಸಿಕ್ಕಳು. "ಮಾರಿ ಯಾಕ ಹಿಂಗ ಜೋತು ಬಿದ್ದೈತ್ರಿ, ಒಂದಿನದ ಉಪವಾಸಕ್ಕೇ?" ಅಂದಳು. ಎಲ್ಲಾ ಹೇಳಿದೆ. ಕಂಬ ಹಿಡಕೊಂಡು ನಕ್ಕಳು ನೋಡು, ಕಣ್ಣಾಗ ನೀರು ಬರೂ ಹಂಗ. ನನಗೂ ನಗು ಬಂತು. ಎಷ್ಟು ವರ್ಷ ಆಗಿತ್ತೋ ಹಂಗ ನಕ್ಕು.

ಆಮ್ಯಾಲ ಕಣ್ಣು ಒರಸಿಕೊಂಡು, "ಮಸರಿನ ಹೆಪ್ಪು ಖಾಲಿ ಆದ್ರ ಏನು ಮಾಡತೀವ್ರಿ? ಯಾರ ಮನಿಗೆ ಮಸರು ಕೊಟ್ಟಿದ್ವೋ ಅವರ ಕಡಿಂದ ಒಂದು ಚಮಚ ತರತೀವಿ. ನಿಮ್ಮ ಸಾಹೇಬ ಯಾರಿಗೂ ಬಾಟ್ಲಿ ಕೊಟ್ಟಿಲ್ಲೇನು? ತಳದಾಗ ಗಸಿ ಇರೂದಿಲ್ಲೇನು?" ಅಂದಳು.

ಇಷ್ಟು ಶಾಣೇತನ ಒಬ್ಬಾಕಿ ತಲ್ಯಾಗ ಹೆಂಗ ಹಿಡೀತೈತೋ. ಸಾಹೇಬನ ಕಡೆ ಓಡಿದೆ. ತಳದ ಗಸಿಯೊಳಗ ಹೆಪ್ಪು ಜೀವಂತ ಇರಬಹುದು ಅಂದ. ಆದ್ರ ಕೊಟ್ಟ ಬಾಟ್ಲಿ ಎಲ್ಲಾ ಮಂದಿ ಕುಡದು ಮುಗಿಸ್ಯಾರ, ಒಂದು ಬಿಟ್ಟು. ಹೋದ ಕ್ರಿಸ್‌ಮಸ್ಸಿಗೆ ಸಾಹೇಬ ಬೆಳಗಾವಿ ಕಚೇರ್ಯಾಗ ಎಲ್ಲಾರಿಗೂ ಒಂದೊಂದು ಹಂಚಿದಾಗ ನನಗೂ ಕೊಟ್ಟಿದ್ದ, ತಾನೇ ಮಾಡಿದ್ದಂತ ಆಗ ಗೊತ್ತಿರಲಿಲ್ಲ. ಒಗದ್ರ ಸಾಹೇಬಗ ಅವಮಾನ, ಇಟ್ರ ಅವ್ವನ ಭಯ. ಬೆಳಗಾವಿ ಖಾಸಬಾಗದ ನಮ್ಮ ಮನ್ಯಾಗ ಜೋಳದ ಕಣಜದ ಹಿಂದ ಮುಚ್ಚಿಟ್ಟು ಮರತು ಬಿಟ್ಟಿದ್ದೆ.

ಪರ್ವ ಮುಗಿದ ಕೂಡಲೇ ಹೋಗಬೇಕು. ಅವ್ವ!

ಬೆಳಗಾವಿ, ಖಾಸಬಾಗ, ಸೋಮವಾರ, ೧೨ ಸೆಪ್ಟೆಂಬರ್

ಇವತ್ತ ಕ್ಷಮಾವಾಣಿ. ಒಬ್ಬರಿಗೊಬ್ಬರು ಕ್ಷಮಾ ಕೇಳೂ ದಿವಸ. ಅಣ್ಣ, ವೈನಿ, ಹುಡುಗರು ಎಲ್ಲಾರ ಪಾಳಿ ಮುಗಿದ ಮ್ಯಾಲ ಅವ್ವನ ಕಾಲಿಗೆ ಬಿದ್ದೆ. "ತಿಳದೋ ತಿಳೀದನೋ ತಪ್ಪು ಮಾಡಿದ್ರ ಕ್ಷಮಾ ಮಾಡವ್ವಾ."

ನಮ್ಮ ಅವ್ವ, ಅಕ್ಕಾತಾಯಿ ಅಂದ್ರ ಓಣಿಗೆಲ್ಲಾ ನಡುಕ. "ತಿಳೀದ ಮಾಡಿದ್ದು ಇರಲಿ, ತಿಳದು ಮಾಡಿದ್ದು ಯಾವುದು, ಅದನ್ನ ಮೊದಲ ಹೇಳು" ಅಂದಳು.

ಹೇಳಿದೆ. ಬಾಟ್ಲಿ, ಬಿಯರ್, ದುರ್ಬೀನು, ಬಾವಿ, ಪದ್ಮವ್ವ ಹೇಳಿದ ಉಪಾಯ ಎಲ್ಲಾ. ಅವ್ವ ಎದ್ದು ಕಣಜದ ಹಿಂದಿನ ಬಾಟ್ಲಿ ತಂದು ಮುಂದ ಇಟ್ಟಳು. ಬೂಚು ಬಿಚ್ಚಿರಲಿಲ್ಲ. ಧೂಳು ಸುದ್ದಾ ಒರಸಿ ಇಟ್ಟಿದ್ದಳು!

"ನಿನ್ನ ಹಣಿ ದಿನಾ ದೊಡ್ಡದಾಗಾಕ ಹತ್ತಿತ್ತಲ್ಲ. ಕೂದಲಕ್ಕ ಎಣ್ಣಿ ತರಿಸ್ಯಾನ, ಪಾಪ, ನಾಚಿಕಿಗೆ ಮುಚ್ಚಿಟ್ಟಾನ ಅಂತ ನಾನೂ ಸುಮ್ಮನಿದ್ದೆ. ನೀ ಹಚ್ಚಿಕೊಳ್ಳೂದು ಯಾವಾಗ ಅಂತ ಕಾಯಾಕತ್ತಿದ್ದೆ."

ವೈನಿ ಅಡಗಿಮನಿಗೆ ಓಡಿದಳು. ನಾ ತಲಿ ಮುಟ್ಟಿ ನೋಡಿಕೊಂಡೆ.

ಅವ್ವ ಬಯ್ದಳು, ಅರ್ಧ ತಾಸು. ಆಮ್ಯಾಲ, "ನೀ ಕುಡದಿಲ್ಲ. ಅದಕ್ಕ ಸುಮ್ಮನ ಬಿಡತೀನಿ. ಈ ಪದ್ಮವ್ವ ಯಾರು?" ಅಂದಳು. ನೇಮಣ್ಣನವರ ಮಗಳು, ಅಪ್ಪಗ ಕಣ್ಣಿಲ್ಲ, ಪದ್ಮವ್ವನೇ ಅಂಗಡಿ ನಡಸತಾಳ, ಚಹಾ ಮೂಸಿ ತೋಟ ಯಾವುದಂತ ಹೇಳತಾಳ, ಪದ್ಮವ್ವ ನಕ್ರ ಬಸದಿ ಕಂಬ ಅಳ್ಳಾಡತೈತಿ, ಹಿಂಗ ಸುಮ್ಮನ ನಾಕು ಮಾತು ಹೇಳಿದೆ. ನಾ ಪದ್ಮವ್ವ ಅಂದಾಗೊಮ್ಮೆ ಅವ್ವ ಕುಂತಲ್ಲೇ ಬೆರಳು ಮಡಚಾಕ ಹತ್ತಿದ್ದಳು. ಏನು ಎಣಸ್ತೀ ಅಂದ್ರ, "ಏನಿಲ್ಲ, ಏಳಾತು" ಅಂದಳು. ವಯಸ್ಸಾತು ಅವ್ವಗ.

ಖಾನಾಪುರ, ಮಂಗಳವಾರ, ೨೦ ಸೆಪ್ಟೆಂಬರ್

ಎದ್ದಾವ! ಹುಡುಗರು ಎದ್ದಾವ!

ಬಾಟ್ಲಿ ತಳದ ಗಸಿಗೆ ಸಕ್ಕರಿ ನೀರು ಹಾಕಿ ಐದು ದಿವಸ ಆಗಿತ್ತು. ನಾಕು ದಿನ ಹೆಣದಂಗ ಬಿದ್ದಿದ್ವು. ಇವತ್ತ ಮುಂಜಾನಿ ಜಾಡಿಗೆ ಕಿವಿ ಹಚ್ಚಿದ್ರ ಚುಸು ಚುಸು ಅನ್ನಾಕ ಹತ್ತ್ಯಾವ. ಸಾಹೇಬನ ಮಂಚಕ್ಕ ಒಯ್ದು ಅವನ ಕಿವಿಗೂ ಹಚ್ಚಿದೆ. ಕೋಲು ಹಿಡಕೊಂಡು ಎದ್ದು ನಿಂತೇ ಬಿಟ್ಟ. ಡಾಕ್ಟರ್ ಬ್ಯಾಡ ಅಂದಿದ್ದ.

ಈ ಸುದ್ದಿ ಹೇಳಾಕ ಬಜಾರಕ್ಕ ಹೋದೆ. ಚಹಾಪುಡಿ ಬೇಕಾಗಿರಲಿಲ್ಲ, ಆದ್ರೂ ಕಾಲ್ ಪೌಂಡ್ ತಂದೆ. ಇಲ್ಲಿಗೆ ಒಂಬತ್ತು ಪೊಟ್ಟಣ ಆದವು.

ಮಳಿ ನಿಂತ ಮ್ಯಾಲ ಖಾನಾಪುರದ ಹವಾ ಅಗದಿ ಚಲೋ ಐತಿ.

ಗುರುವಾರ, ೨೯ ಸೆಪ್ಟೆಂಬರ್

ಚಹಾದ ಗುಟ್ಟು ಸಿಕ್ತು. ಪದ್ಮವ್ವನೇ ಹಿಡದಳು. "ಕುದಿಸಿದ್ರ ಬಣ್ಣ ನಿಮಗ, ಪರಿಮಳ ಒಲಿಗೆ. ಮಳಿಗಾಲದಾಗ ಪೊಟ್ಟಣದ ಕಾಗದ ಥಂಡಿ ಹಿಡದಾಗ ಅಂಗಡಿ ತುಂಬ ಎಂಥಾ ವಾಸನಿ ಬರತೈತಿ! ಅಲ್ಲಿ ಯಾವ ಒಲಿ ಐತ್ರಿ?" ಅಂದಳು.

ನಿನ್ನಿ ತಣ್ಣೀರಾಗ ನೋಡಿದ್ವಿ. ನೀರು ಸೋಸೂ ಹೊಸಾ ಬಟ್ಟಿ ಹರದು, ಮದುವಿ ಮನಿ ಗಿರಾಕಿಗಂತ ನೇಮಣ್ಣನವರು ಎತ್ತಿಟ್ಟಿದ್ದ ದೊಡ್ಡ ಎಲಿಯ ಚಹಾ ಅದರಾಗ ಕಟ್ಟಿ, ಸೂರ್ಯ ಹುಟ್ಟಿದ ಮ್ಯಾಲ ತಂಬಿಗ್ಯಾಗ ಬಿಟ್ಟೆವು. ಇದು ಬರೇ ಚಹಾ, ನಾವೂ ರುಚಿ ನೋಡಬಹುದು! ಅಂಗಡಿ ಕಟ್ಟಿ ಮ್ಯಾಲ ಕುಂತು ತಾಸಿಗೊಂದು ಗುಟುಕು ಆಕಿ, ಒಂದು ಗುಟುಕು ನಾನು. ಮಧ್ಯಾಹ್ನ ಮೂರಕ್ಕ ಬಂತು ನೋಡು, ಹೂವಿನಂಥಾ ಪರಿಮಳ, ಕಡೀಕ ಒಂದು ಹಗೂರ ಕಹಿ. ಸೂರ್ಯ ಮುಳುಗಿದ ಮ್ಯಾಲ ನಾವು ಬಾಯಿಗೆ ಏನೂ ಹಾಕೂದಿಲ್ಲ, ಅದಕ್ಕ ಸಂಜೀಕ ಬಟ್ಟಿ ತಗದು ಬಿಟ್ವಿ. ಭರಮಪ್ಪ ತನ್ನ ತಂಬಿಗ್ಯಾಗ ಇವತ್ತ ಮುಂಜಾನಿ ತನಕ ಬಿಟ್ಟಿದ್ದ, ಅದು ಮತ್ತ ಚಪ್ಪಲಿ ಹದಕ್ಕೇ ಬಂತು. ಅಂದ್ರ ನಮ್ಮ ವ್ರತದ ಹೊತ್ತೇ ಚಹಾದ ಹೊತ್ತು!

ಸಾಹೇಬ ಒಪ್ಪಿದ. ಇಪ್ಪತ್ತೆರಡಕ್ಕ ಹೊಸಾ ಬಿಯರ್ ಹಾಕಿದ್ದೆ, ಅದರ ಕುದಿ ಇಳದೈತಿ. ಶನಿವಾರ ಮುಂಜಾನಿ ಚಹಾದ ಗಂಟು ಬಿಟ್ಟು ಸಂಜಿ ಮುಂಚೆ ತಗೀತೀನಿ. ಬೆಲ್ಲ ಇಲ್ಲ, ಶುಂಠಿ ಇಲ್ಲ.

ಬರೇ ಮೂಸೂದಕ್ಕ ಇಬ್ಬರೂ ಇರಬೇಕು ಅಂತ ಪದ್ಮವ್ವಗ ಹೇಳಿ ಬಂದೀನಿ. ಒಂದು ಮೂಗಿಗಿಂತ ಎರಡು ಚಲೋ. ಕೆಲಸದ ಸಲುವಾಗಿ.

ಶನಿವಾರ, ೨೨ ಅಕ್ಟೋಬರ್

ಗೆಳೆಯ ಬಂದ. ಎತ್ತರ, ಬಿಳೇ ಮೀಸಿ, ಮಾತು ಕಡಿಮಿ. ಬೂಚು ಬಿಚ್ಚಿದೆ, ಬುರುಗು ಮ್ಯಾಲ ಬಂತು, ಕೋಣಿ ತುಂಬ ಚಹಾದ ಪರಿಮಳ. ಒಂದು ಗುಟುಕು ಕುಡದ. ಕಣ್ಣು ಮುಚ್ಚಿದ. ಇನ್ನೊಂದು ಗುಟುಕು. ಆಮ್ಯಾಲ ಸಾಹೇಬನ ಹೆಗಲ ಮ್ಯಾಲ ಕೈ ಹಾಕಿ ಏನೋ ಅಂದ, ಇಬ್ಬರೂ ಹುಡುಗರಂಗ ನಗಾಕ ಹತ್ತಿದರು. ನಾಕು ಬಾಟ್ಲಿ ಮುಗಿಸಿದರು.

"ಇದನ್ನು ಮಾಡಿದವರು ಇಬ್ಬರು. ಇಬ್ಬರೂ ಜನ್ಮದಲ್ಲಿ ಒಂದು ಹನಿ ಕುಡಿದವರಲ್ಲ" ಅಂತ ಸಾಹೇಬ ಕನ್ನಡದಾಗೇ ಹೇಳಿದ, ನನಗೂ ತಿಳೀಲಿ ಅಂತ. ಗೆಳೆಯ ಎದ್ದು ನನ್ನ ಕೈ ಕುಲುಕಿದ.

ಪತ್ರ ಕೊಟ್ಟ. ನವೆಂಬರ್ ಒಂದಕ್ಕ ಬೆಳಗಾವಿ.

ಖುಷಿ ಆಗಬೇಕಾಗಿತ್ತು. ಹೊಟ್ಟಿ ಯಾಕೋ ಸರಿ ಇಲ್ಲ. ಮಧ್ಯಾಹ್ನದ ಅವರೆಕಾಳು ಇರಬೇಕು.

ಸೋಮವಾರ, ೨೪ ಅಕ್ಟೋಬರ್

ಪದ್ಮವ್ವಗ ಹೇಳಿದೆ. "ಚಲೋ ಆತ್ರಿ ಕಾರಕೂನ ಸಾಹೇಬ್ರ" ಅಂದಳು. ಅಷ್ಟೇ. ಚ್ಯಾಷ್ಟಿ ಇಲ್ಲ, ನಗು ಇಲ್ಲ. ಕಾಲ್ ಪೌಂಡ್ ಚಹಾ ಕೇಳಿದ್ರ ಸಕ್ಕರಿ ಕಟ್ಟಿ ಕೊಟ್ಟಳು.

ಇನ್ನೂ ಅವರೆಕಾಳು.

ಮಂಗಳವಾರ, ೨೫ ಅಕ್ಟೋಬರ್, ದೀಪಾವಳಿ

ಮುಂಜಾನಿ ಗಾಡಿಗೆ ಅವ್ವ ಬಂದಳು! ಮಹಾವೀರ ಸ್ವಾಮಿ ನಿರ್ವಾಣದ ಲಾಡು ಡಬ್ಬಿ ಕಂಕಳಾಗ. "ನಿನ್ನ ನೋಡಾಕಲ್ಲ" ಅಂದು ಸೀದಾ ಬಸದಿಗೆ, ಅಲ್ಲಿಂದ ನೇಮಣ್ಣನವರ ಮನಿಗೆ. ಎರಡು ತಾಸು ಅಲ್ಲೇ. ನಾ ಬಂಗಲಿ ಕಟ್ಟಿ ಮ್ಯಾಲ ಉಗುರು ಕಡಕೋತ ಕುಂತಿದ್ದೆ.

ಬಂದು ಬಾಜೂಕ ಕುಂತಳು. "ಪಾರೀಸ, ನೀ ಮೂಗಿನ ಶಾಣ್ಯಾ, ಉಳಿದದ್ದರಾಗ ದಡ್ಡ. ಗಂಡ ಸತ್ತಾಕಿನ ಉಡಿಕಿ ಮದುವಿ ಮಾಡಿಕೊಳ್ಳೂದು ನಮ್ಮವರಾಗ ಹಿಂದಿಂದಲೂ ಐತಿ. ನನಗ ಆಕಿ ಮನಸಿಗೆ ಬಂದಾಳ. ಆದ್ರ ಕಣ್ಣಿಲ್ಲದ ಅಪ್ಪನ್ನ, ಅಂಗಡಿನ ಬಿಟ್ಟು ಬೆಳಗಾವಿಗೆ ಬರಾಕಿ ಅಲ್ಲ. ಇನ್ನ ನಿನ್ನ ವಿಚಾರ ನೀ ಮಾಡು."

ವಿಚಾರ ಮಾಡಾಕ ಏನಿತ್ತು? ಅವ್ವ ಮಾತು ಮುಗಸೂದ್ರಾಗ ಹೊಟ್ಟಿ ನೋವು ಹೋಗಿತ್ತು. ಅವರೆಕಾಳು ಅಲ್ಲ, ಏನೂ ಅಲ್ಲ. ಪದ್ಮವ್ವ ನನಗ ಬೇಕು. ಬರದೇ ಬಿಟ್ಟೆ.

ಮೊದಲ ಸಾಹೇಬನ ಕಡೆ ಹೋಗಿ ಪತ್ರ ವಾಪಸ್ ಕೊಟ್ಟೆ. ಹಿಂಗ ಹಿಂಗ ಐತಿ, ಖಾನಾಪುರದಾಗೇ ಇಟಗೋರಿ ಅಂದೆ. "ಪಾರೀಸನೇ, ಈ ಬಂಗಲೆಯಲ್ಲಿ ನಿನಗಿಂತ ತಡವಾಗಿ ತಿಳಿದುಕೊಂಡವರು ಯಾರೂ ಇಲ್ಲ" ಅಂದು ಪತ್ರ ಹರದು, ಕೋಲು ಬಿಟ್ಟು ನಡದೇ ಬಂದು ನನ್ನ ಅಪ್ಪಿಕೊಂಡ.

ಆಮ್ಯಾಲ ಅಂಗಡಿಗೆ. ಹಬ್ಬದ ಗಿರಾಕಿ ಹೋಗೂ ತನಕ ನಿಂತೆ. "ಕಾಲ್ ಪೌಂಡೇನ್ರಿ?" ಅಂದಳು, ಮಾರಿ ಎತ್ತದೇ.

"ಚಹಾ ಬ್ಯಾಡ. ಬೆಳಗಾವಿಗೆ ಹೋಗಂಗಿಲ್ಲ, ಪತ್ರ ಹರಿಸಿ ಬಂದೀನಿ. ನನ್ನ ಮದುವಿ ಆಗತೀರೇನ್ರಿ?"

ತಕ್ಕಡಿ ಕೆಳಗ ಇಟ್ಟಳು. ಒಳಗಿಂದ ನೇಮಣ್ಣನವರ ಕೆಮ್ಮು ನಿಂತಿತು.

"ನಮ್ಮ ಅಪ್ಪನ್ನ ಕೇಳಾಕತ್ತೀರೋ, ನನ್ನ ಕೇಳಾಕತ್ತೀರೋ?"

"ನಿಮ್ಮನ್ನ."

"ತಡೀರಿ, ಕುಂದರತೀನಿ" ಅಂದಳು. ಚಹಾ ಪೆಟ್ಟಿಗಿ ಮ್ಯಾಲ ಕುಂತಳು. "ಹೋದ ಸರ್ತಿ ನನ್ನ ಯಾರೂ ಕೇಳಿರಲಿಲ್ರಿ. ಆಟದಾಗಿಂದ ಎಬ್ಬಿಸಿ ಮಂಟಪಕ್ಕ ಒಯ್ದಿದ್ರು."

ಆಕಿ ಸೆರಗು ಸರಿ ಮಾಡಿಕೊಂಡಳು, ಸಾವಕಾಶ, ಹೊತ್ತು ತಗೊಂಡು. ಕೇಳಿಸಿಕೊಂಡಾಕಿ ಉತ್ತರ ಕೊಡಾಕ ಎಷ್ಟು ಹೊತ್ತು ಬೇಕೋ ಅಷ್ಟು ತಗೊಂಡಳು. ಆಮ್ಯಾಲ ನನ್ನ ಕಣ್ಣಾಗ ಕಣ್ಣಿಟ್ಟು ಅಂದಳು:

"ಹೂಂ. ನನಗ ಮನಸೈತಿ."